ಕುಸುಬಿ ಎಣ್ಣೆ ಕುಡಿದ ಗ್ರಾಮೋಫೋನು

ಕೆಟ್ಟುಹೋದ ವಸ್ತುವನ್ನು ಕಂಡರೆ ಹೆಂಗಸರಿಗೆ ಅದನ್ನು ಹಳೆ ಸಾಮಾನು ಕೊಳ್ಳುವ ಮೋಡಕಾದವನಿಗೆ ಹಾಕಿಬಿಡಬೇಕು ಅನ್ನಿಸುತ್ತದೆ, ಗಂಡಸರಿಗೆ ಬಿಚ್ಚಿ ನೋಡಬೇಕು ಅನ್ನಿಸುತ್ತದೆ. ಬಿಚ್ಚಿದ್ದನ್ನು ಮತ್ತೆ ಜೋಡಿಸುವ ಆಸೆಯನ್ನು ಮಾತ್ರ ದೇವರು ಇಬ್ಬರಿಗೂ ಕೊಟ್ಟಿಲ್ಲ. ನಮ್ಮ ಮನೆಯಲ್ಲಿ ನಾನು ಬಿಚ್ಚಿದ ಮಿಕ್ಸರ್ ಇದೆ, ಬಿಚ್ಚಿದ ಗೋಡೆ ಗಡಿಯಾರ ಇದೆ, ಬಿಚ್ಚಿದ ಮೇಲೆ ಯಾವುದೆಂದು ನನಗೇ ಗುರುತು ಸಿಗದ ಇನ್ನೂ ಒಂದು ಯಂತ್ರ ಇದೆ. ಎಲ್ಲವುಗಳ ತಿರುಪುಗಳೂ ಒಂದೇ ಡಬ್ಬಿಯಲ್ಲಿ ಜಾತಿಭೇದವಿಲ್ಲದೆ ಸುಖವಾಗಿವೆ. ನನ್ನ ಕೆಲಸಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇಂಡಿ ಊರಿನ ಬಸ್ ನಿಲ್ದಾಣದಲ್ಲಿ ನಾನು ಕಂಟ್ರೋಲರ್. ಸಿಂದಗಿ ಬಸ್ಸು ಎರಡನೆಯ ಅಂಕಣಕ್ಕೆ ಬರುತ್ತದೆ ಎಂದು ನಾನು ಮೈಕಿನಲ್ಲಿ ಅಂದರೆ ಸಾಕು, ಮಂದಿ ಮಕ್ಕಳು ಮರಿ, ಲಿಂಬೆಕಾಯಿ ಚೀಲ ಸಮೇತ ಎದ್ದು ಓಡುತ್ತಾರೆ. ಅದೇ ದನಿಯಲ್ಲಿ ಮನೆಯೊಳಗೆ ಒಂದು ಕಪ್ ಚಹಾ ಕೇಳಿದರೆ ಒಬ್ಬರೂ ಕದಲುವುದಿಲ್ಲ. ಮನುಷ್ಯರು ಮಾತು ಕೇಳದಿದ್ದರೆ ಯಂತ್ರವಾದರೂ ಕೇಳೀತು ಎಂಬ ಆಸೆಯಿಂದಲೇ ನಾನು ಈ ಹಾದಿ ಹಿಡಿದೆ ಎಂದು ಕಾಣುತ್ತದೆ.

ಹೀಗಿರುವಾಗ ಒಂದು ದಿನ ಕೊಲ್ಹಾರದಿಂದ ನೀಲವ್ವ ಅತ್ತಿಯ ಫೋನು ಬಂತು. ಆಕೆ ನಮ್ಮ ಅಪ್ಪನ ಅಕ್ಕ. ಆಲಮೇಲದಲ್ಲಿ ಭೀಮಾ ನದಿಯ ನೀರು ಕುಡಿದು ಬೆಳೆದು, ಕೊಲ್ಹಾರಕ್ಕೆ ಕೃಷ್ಣೆಯ ನೀರು ಕುಡಿಯಲು ಹೋದವಳು. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ಮೊಸರಿನ ಗಡಿಗೆಗೆ ಕೈ ಹಾಕಬೇಕಾದರೆ ಇಂದಿಗೂ ಆಕೆಯ ಅಪ್ಪಣೆ ಬೇಕು. ವಯಸ್ಸಾದ ಮೇಲೆ ಕಿವಿ ಮಂದವಾಗಿದೆ. ಹಾಗಾಗಿ ನಮಗೂ ಕೇಳುವುದಿಲ್ಲ ಎಂದು ತಿಳಿದು ಫೋನಿನಲ್ಲಿ ಕೂಗಿಯೇ ಮಾತಾಡುತ್ತಾಳೆ. ಕಿವಿಯ ಡಾಕ್ಟರು ತಪಾಸಣೆ ಮಾಡಿದರಂತೆ, ಎಡಗಿವಿ ಹೋಗಿದೆ, ಬಲಗಿವಿಯೂ ಇನ್ನು ಹೆಚ್ಚು ದಿನ ಕೆಲಸ ಮಾಡಲಿಕ್ಕಿಲ್ಲ ಅಂದರಂತೆ. ಇದನ್ನು ಆಕೆ ಬೇರೆ ಯಾರದೋ ಕಿವಿಯ ಸುದ್ದಿ ಹೇಳುವ ಹಾಗೆ ಹೇಳಿ ಮುಗಿಸಿ, ಅಸಲು ಮಾತಿಗೆ ಬಂದಳು.

“ಮಲ್ಲು, ಮುತ್ಯಾನ ಪ್ಲೇಟಿನ ಪೆಟಗಿ ನಿಮ್ಮ ಮನ್ಯಾಗ ಐತೆಲ್ಲ, ಅದನ್ನ ರಿಪೇರಿ ಮಾಡೋ. ಕಿವಿ ಇರೂದ್ರಾಗ ಆ ಹಾಡಿನ ಉತ್ತರ ಕೇಳಬೇಕಾಗೇತಿ. ನಿಮ್ಮ ಮಾಮಾ ಹೇಳಿದ್ದು ಖರೇನೋ ಸುಳ್ಳೋ ಒಮ್ಮೆ ನೋಡೇ ಬಿಡತೇನಿ” ಅಂದಳು.

ಇದು ನಿಮಗೆ ಅರ್ಥವಾಗಬೇಕಾದರೆ ಆಕೆಯ ಮದುವೆಗೇ ಹೋಗಬೇಕು. ಮಾಮಾ ಎಂದರೆ ಅತ್ತಿಯ ಗಂಡ, ಮುತ್ಯಾ ಎಂದರೆ ನನ್ನ ಅಜ್ಜ. ಆತನಲ್ಲಿ ಒಂದು ಗ್ರಾಮೋಫೋನು ಇತ್ತು. ದೊಡ್ಡ ಹಿತ್ತಾಳೆಯ ಕಹಳೆ ಇರುವಂಥದ್ದಲ್ಲ. ಹಿಡಿಕೆ ಹಿಡಿದು ಕೈಯಲ್ಲಿ ಒಯ್ಯುವ ಪೆಟ್ಟಿಗೆ. ಮುಚ್ಚಳ ತೆಗೆದು, ಪಕ್ಕದ ತೂತಿನಲ್ಲಿ ಚಾವಿ ಸಿಕ್ಕಿಸಿ ತಿರುಗಿಸಿದರೆ ಒಳಗಿನ ಸ್ಪ್ರಿಂಗು ಬಿಗಿಯಾಗಿ, ಅದು ಬಿಚ್ಚಿಕೊಳ್ಳುವಷ್ಟು ಹೊತ್ತು ಪ್ಲೇಟು ತಿರುಗುತ್ತದೆ. ಪ್ಲೇಟುಗಳು ಹಲವು ಇದ್ದವಂತೆ. ಆದರೆ ನಮ್ಮ ಬಿಸಿಲು ಗೊತ್ತಲ್ಲ, ತಗಡಿನ ಪತ್ರಾಸಿನ ಕೆಳಗೆ ಇಟ್ಟಿದ್ದ ಪ್ಲೇಟುಗಳೆಲ್ಲ ಮೆತ್ತಗಾಗಿ ಬೋಗುಣಿಯ ಆಕಾರಕ್ಕೆ ಬಂದವು. ಅಜ್ಜಿ ಅವುಗಳಲ್ಲಿ ಲಿಂಬೆಕಾಯಿ ಇಟ್ಟಳು. ಸಪಾಟಾಗಿ ಉಳಿದದ್ದು ಒಂದೇ. ಯಾವುದೋ ನಾಟಕ ಕಂಪನಿಯ ಹಾಡು. ಯಾವ ಕಂಪನಿ, ಯಾರು ಹಾಡಿದ್ದು ಎಂದು ಈಗ ತಿಳಿಯುವ ಹಾಗಿಲ್ಲ. ಪೂಜೆಯ ಕುಂಕುಮ ಕೂತು ಕೂತು ನಡುವಿನ ಚೀಟಿಯ ಅಚ್ಚು ಪೂರ್ತಿ ಮುಚ್ಚಿಹೋಗಿದೆ. ಮೊಬೈಲಿನಲ್ಲಿ ನಾನು ಎಷ್ಟು ಹುಡುಕಿದರೂ ಆ ಹಾಡು ಸಿಕ್ಕಿಲ್ಲ. ಅದರಲ್ಲಿ ಹೆಂಡತಿ ಕೇಳುತ್ತಾಳೆ, ದೀಪ ಹಚ್ಚುವ ಹೊತ್ತು ಮೀರಿತು, ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದಿರಿ ಎಂದು. ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಅದೇ ಪ್ರಶ್ನೆಯನ್ನು ಸುತ್ತಿ ಸುತ್ತಿ ಕೇಳುತ್ತಾಳೆ. ಇನ್ನು ಗಂಡ ಬಾಯಿ ತೆರೆಯಬೇಕು, ಅಷ್ಟರಲ್ಲಿ ಪೆಟ್ಟಿಗೆಯ ಕಸುವು ಇಳಿದು, ಹಾಡು ಎಮ್ಮೆಯ ದನಿಗೆ ತಿರುಗಿ ನಿಂತುಬಿಡುತ್ತಿತ್ತು. ಪ್ರತಿ ಸಲವೂ ಅಲ್ಲಿಗೇ ನಿಲ್ಲುತ್ತಿತ್ತು.

ಹಾಗಾದರೆ ನಡುವೆ ಇನ್ನಷ್ಟು ಚಾವಿ ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮುತ್ಯಾನ ಎದುರು ಹಾಗೆ ಕೇಳಿದವರು ಯಾರೂ ಊಟ ಮಾಡಿ ಹೋಗಿಲ್ಲ. ಹಾಡುವಾಗ ಚಾವಿ ತಿರುಗಿಸುವುದು ಎಂದರೆ ಮೇಯುವ ಎತ್ತಿನ ಹೆಗಲಿಗೆ ನೊಗ ಇಟ್ಟ ಹಾಗೆ, ಪಾಪ ತಟ್ಟುತ್ತದೆ ಎಂಬುದು ಆತನ ಕಾನೂನು. ಹೋಗಲಿ, ನಿಂತ ಮೇಲೆ ಚಾವಿ ಕೊಟ್ಟು ನಿಂತಲ್ಲಿಂದಲೇ ಹಚ್ಚೋಣವೆಂದರೆ, ಪುರಾಣವನ್ನು ಯಾರಾದರೂ ನಡುವಿನಿಂದ ಹಚ್ಚುತ್ತಾರೇನು ಎಂದು ಗದರುತ್ತಿದ್ದ. ಮೊದಲಿನಿಂದ ಹಚ್ಚಬೇಕು. ಮೊದಲಿನಿಂದ ಹಚ್ಚಿದರೆ ಮತ್ತೆ ಅಲ್ಲಿಗೇ ನಿಲ್ಲುತ್ತದೆ. ಹೀಗೆ ನಮ್ಮ ಮನೆತನದ ಒಂದು ಪೂರ್ತಿ ತಲೆಮಾರು ಪ್ರಶ್ನೆ ಕೇಳುತ್ತ ಬೆಳೆದು, ಉತ್ತರ ಗೊತ್ತಿಲ್ಲದೆಯೇ ಮುದುಕಾಯಿತು.

ನೀಲವ್ವ ಅತ್ತಿಯ ಮದುವೆಯ ದಿನ ಹಂದರದಲ್ಲಿ ಈ ಪೆಟ್ಟಿಗೆಯನ್ನು ಹಚ್ಚಿದರಂತೆ. ಬೀಗರ ಎದುರು ಮುತ್ಯಾನ ದೌಲತ್ತು ತೋರಿಸಬೇಕಲ್ಲ. ಹಾಡು ಎಂದಿನಂತೆ ಪ್ರಶ್ನೆಗೆ ಬಂದು ನಿಂತಿತು. ನಮ್ಮ ಕಡೆ ಮದುವೆಯಲ್ಲಿ ಗಂಡು ಹೆಣ್ಣು ಒಬ್ಬರ ಹೆಸರನ್ನೊಬ್ಬರು ಸುಮ್ಮನೆ ಹೇಳುವಂತಿಲ್ಲ, ಒಡಪು ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಹೆಂಗಸರಿಗೆ ಅಷ್ಟೇ ಸಾಕಾಯಿತು. ಪೆಟ್ಟಿಗೆ ನಿಂತರೇನು, ಉತ್ತರವನ್ನು ಮದುಮಗನೇ ಒಡಪಿನಲ್ಲಿ ಹೇಳಲಿ ಎಂದು ಗಂಟು ಬಿದ್ದರು. ನಮ್ಮ ಮಾಮಾ ಮೊದಲೇ ಮಾತು ಕಡಿಮೆಯ ಮನುಷ್ಯ. ಮುಖ ಕೆಂಪಾಗಿ, ಬಾಸಿಂಗದ ಹಿಂದೆ ತಲೆ ತಗ್ಗಿಸಿ ಏನೋ ಗುನುಗಿದ. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳು ಎಂದರೆ ಸುತಾರಾಂ ಒಪ್ಪಲಿಲ್ಲ. ಕೇಳಿಸಿದ್ದು ಪಕ್ಕದಲ್ಲಿ ಕೂತಿದ್ದ ನೀಲವ್ವ ಅತ್ತಿಯೊಬ್ಬಳಿಗೇ. ಅದೇನೆಂದು ಆಕೆ ಯಾರಿಗೂ ಹೇಳಲಿಲ್ಲ. ಕೇಳಿದರೆ ಮಾತ್ರ ಇಷ್ಟು ಹೇಳುತ್ತಿದ್ದಳು: ಅದು ಪ್ಲೇಟಿನೊಳಗೆ ಇರುವುದೇ ಅಂತೆ, ಮಾಮಾ ಮುದ್ದೇಬಿಹಾಳದಲ್ಲಿ ಆ ನಾಟಕ ನೋಡಿದ್ದನಂತೆ, ಅದರಲ್ಲಿ ಗಂಡ ಹಾಗೆಯೇ ಹಾಡುತ್ತಾನಂತೆ.

ಮಾಮಾ ತೀರಿಕೊಂಡು ವರ್ಷಗಳಾದವು. ಮುತ್ಯಾ ಹೋದದ್ದು ಅದಕ್ಕೂ ಮೊದಲೇ. ಮುತ್ಯಾ ಹೋದ ಮೇಲಾದರೂ ಕಾನೂನು ಮುರಿದು ಹಾಡು ಪೂರ್ತಿ ಕೇಳೋಣವೆಂದು ಮನೆಯವರು ಒಮ್ಮೆ ಹೊರಟರೆ, ಅಡ್ಡ ಬಂದದ್ದು ಯಾರು ಗೊತ್ತೇ? ಮಾಮಾ. ಹಿರಿಯರು ಹಾಕಿದ ಗೆರೆ ದಾಟಬಾರದು ಎಂದು ಪೆಟ್ಟಿಗೆಯ ಮುಚ್ಚಳ ತಾನೇ ಹಾಕಿದ. ಮಾವನ ಮೇಲೆ ಎಂಥ ಭಕ್ತಿ, ಅಳಿಯ ಅಂದರೆ ಹಿಂಗಿರಬೇಕು ಎಂದು ನಮ್ಮ ಅಪ್ಪ ಕಣ್ಣೀರು ಹಾಕಿದ್ದರು. ಮುಂದೆ ಪೆಟ್ಟಿಗೆ ಪೂರ್ತಿ ಬಿಗಿದು, ಚಾವಿಯೇ ತಿರುಗದಂತಾಗಿ, ಪಾಲಾಗುವಾಗ ಯಾರೂ ಬೇಡವೆಂದದ್ದರಿಂದ ನಮ್ಮ ಮನೆಗೆ ಬಂತು.

ಈಗ ಅದರ ಮುಚ್ಚಳ ತೆಗೆದು, ಮೂಲೆಯ ತಿರುಪು ಬಿಚ್ಚಿ, ಯಂತ್ರ ಕೂತ ಹಲಗೆಯನ್ನು ಎತ್ತಿ ನೋಡಿದೆ. ಒಳಗೆ ಗಾಲಿ, ಹಲ್ಲು, ಸ್ಪ್ರಿಂಗಿನ ಡಬ್ಬಿ ಎಲ್ಲದರ ಮೇಲೆ ಜೇನಿನ ಬಣ್ಣದ ಒಂದು ಗಟ್ಟಿ ಪದರ. ಅದರೊಳಗೆ ಅರಿಷಿಣ, ಅಕ್ಷತೆ, ಒಂದೆರಡು ಚೆಂಡು ಹೂವಿನ ಎಸಳು, ಯಾವ ಕಾಲದ್ದೋ ಒಂದು ಇರುವೆ. ಇದು ಯಂತ್ರ ಮಾಡಿದವರೇ ಹಚ್ಚಿದ ವಿಶೇಷ ವಾರ್ನಿಶ್ ಇರಬೇಕು, ಮುಟ್ಟಬಾರದು ಎಂದು ನಾನು ತಜ್ಞನ ಹಾಗೆ ಹೇಳಿದೆ. ನನ್ನ ಹೆಂಡತಿ ಶಾಂತಾ ಒಗ್ಗರಣೆಯ ಸೌಟು ಹಿಡಿದುಕೊಂಡೇ ಬಂದು, ಬಗ್ಗಿ ಮೂಸಿ ನೋಡಿದಳು. “ಇದು ಕುಸುಬಿ ಎಣ್ಣಿ ಐತ್ರಿ. ಎಣ್ಣಿ ಡಬ್ಬಿ ಬಾಯಿಗಿ ಹಿಂಗ ಅಂಟಾಗಿ ಕೂಡತೈತೆಲ್ಲ, ನೀವ್ ಯಾವತ್ತರ ತಿಕ್ಕಿದ್ರ ಗೊತ್ತಾಗತಿತ್ತು” ಅಂದು ಒಳಗೆ ಹೋದಳು.

ಆಗ ನನಗೆ ಎಲ್ಲವೂ ಹೊಳೆಯಿತು. ಖಂಡೇ ಪೂಜೆ! ದಸರೆಯ ಮಾರ್ನೌಮಿಯಲ್ಲಿ ಮನೆಯ ಕಬ್ಬಿಣದ ಸಾಮಾನಿಗೆಲ್ಲ ಪೂಜೆ ಮಾಡುವುದು ನಮ್ಮಲ್ಲಿ ದೊಡ್ಡ ಹಬ್ಬ. ಮುತ್ಯಾ ಕುಡುಗೋಲು, ಕುಂಟೆ, ಕೂರಿಗೆಯ ಪಕ್ಕದಲ್ಲಿ ಗ್ರಾಮೋಫೋನನ್ನೂ ಇಟ್ಟು, ಅರಿಷಿಣ ಕುಂಕುಮ ಏರಿಸಿ, ತೂತು ಕಂಡಲ್ಲೆಲ್ಲ ಎಣ್ಣೆ ಬಿಡುತ್ತಿದ್ದನಂತೆ. ಎಣ್ಣೆ ಎಂದರೆ ನಮ್ಮ ಸೀಮೆಯಲ್ಲಿ ಕುಸುಬಿ ಎಣ್ಣೆ. ಭಜಿಗೆ ಅದೇ, ಚಟ್ನಿಪುಡಿಗೆ ಅದೇ, ದೇವರ ದೀಪಕ್ಕೆ ಅದೇ. ಮನುಷ್ಯನ ಹೊಟ್ಟೆಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಗಾಳಿಗೆ ಬಿಟ್ಟರೆ ಅಂಟಾಗಿ ಗಟ್ಟಿಯಾಗುವುದು ಅದರ ಗುಣ. ತೆಂಗಿನ ಎಣ್ಣೆಯ ಸೀಮೆಯಲ್ಲಿ ಹುಟ್ಟಿದ್ದರೆ ಈ ಯಂತ್ರ ಹಾಡು ಮುಗಿಸುತ್ತಿತ್ತೋ ಏನೋ. ನಮ್ಮಲ್ಲಿ ಹುಟ್ಟಿ ಭಕ್ತಿಗೆ ಸಿಕ್ಕಿಬಿತ್ತು. ಹಾಡು ಅರ್ಧಕ್ಕೆ ನಿಂತಷ್ಟೂ ಮುತ್ಯಾ, ಪಾಪ ಯಂತ್ರ ದಣಿದಿದೆ ಎಂದು ಮುಂದಿನ ವರ್ಷ ಇನ್ನಷ್ಟು ಎಣ್ಣೆ ಬಿಡುತ್ತಿದ್ದ. ನನಗೆ ನಗು ಬಂತು, ಹಾಗೆಯೇ ಆ ಮುದುಕನ ಮೇಲೆ ಪ್ರೀತಿಯೂ ಬಂತು.

ರಿಪೇರಿಯ ಕಥೆ ಹೇಳಿದರೆ ನಿಮಗೂ ಅಂಟು ಹತ್ತುತ್ತದೆ, ಆದರೂ ಸ್ವಲ್ಪ ಕೇಳಿ. ಶಾಂತಾ ಎಣ್ಣೆಯ ಡಬ್ಬಿ ತೊಳೆಯುವ ಸೋಡಾ ಹಾಕಿ ಬಿಸಿನೀರು ಕೊಟ್ಟಳು. ಅದರಲ್ಲಿ ಅದ್ದಿ, ಸೀಮೆಎಣ್ಣೆಯಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದೇ ಹಲ್ಲು ತಿಕ್ಕಿದೆ. ನನ್ನ ಹಲ್ಲನ್ನು ನಾನು ಅಷ್ಟು ಶ್ರದ್ಧೆಯಿಂದ ಎಂದೂ ಉಜ್ಜಿಲ್ಲ. ಸ್ಪ್ರಿಂಗಿನ ಡಬ್ಬಿ ತೆರೆಯುವಾಗ ಮಾತ್ರ ಹುಷಾರಾಗಿರಬೇಕು ಎಂದು ಕೇಳಿದ್ದೆ. ಹುಷಾರಾಗಿಯೇ ಇದ್ದೆ. ಆದರೆ ಮುತ್ಯಾನ ಕಾಲದಿಂದ ಒಳಗೆ ಸುತ್ತಿಕೊಂಡು ಸಿಟ್ಟು ಹಿಡಿದಿದ್ದ ಆ ಪಟ್ಟಿ, ಮುಚ್ಚಳ ಸಡಿಲಾದದ್ದೇ ತಡ, ಬುಸ್ಸೆಂದು ಹೊರಗೆ ಹಾರಿ, ನನ್ನ ಹುಬ್ಬಿಗೆ ಬಡಿದು, ಅಂಗಳದ ತುಳಸಿಕಟ್ಟೆಯವರೆಗೂ ಹೋಯಿತು. ಮರುದಿನ ಹುಬ್ಬಿಗೆ ಪಟ್ಟಿ ಕಟ್ಟಿಕೊಂಡು ಮೈಕಿನ ಮುಂದೆ ಕೂತರೆ, ಮನೆಯಲ್ಲಿ ಜಗಳವಾಯಿತೇನು ಎಂದು ಚಾಲಕ ನಿರ್ವಾಹಕರೆಲ್ಲ ಕಾಳಜಿಯಿಂದ ವಿಚಾರಿಸಿದರು. ಗ್ರಾಮೋಫೋನು ಹೊಡೆಯಿತು ಎಂದರೆ ನಂಬುವವರು ಯಾರು? ಹೌದು ಜಗಳ ಎಂದು ಒಪ್ಪಿಕೊಂಡೆ. ನನ್ನ ಮಾನ ಸ್ವಲ್ಪ ಹೋಯಿತು, ಆದರೆ ನಿಲ್ದಾಣದಲ್ಲಿ ಶಾಂತಾಳ ಬಗ್ಗೆ ಗೌರವ ಹೆಚ್ಚಾಯಿತು.

ಸ್ಪ್ರಿಂಗಿಗೆ ಗ್ರೀಸು ಹಚ್ಚಿ ಮತ್ತೆ ಡಬ್ಬಿಗೆ ತುಂಬಿದ್ದು ಹೇಗೆ ಎಂಬುದನ್ನು ಹೇಳುವುದಿಲ್ಲ. ಅದು ಅಕ್ಕಪಕ್ಕದ ಮನೆಯವರೂ ಸೇರಿ ಮಾಡಿದ ಕೆಲಸ, ಆ ಹೊತ್ತಿನಲ್ಲಿ ಬಾಯಿಗೆ ಬಂದ ಮಾತುಗಳು ಅಚ್ಚಿಗೆ ಯೋಗ್ಯವಲ್ಲ. ಸೂಜಿ ಸಿಕ್ಕಿಸುವ ದುಂಡು ತಲೆಯೊಳಗೆ ತೆಳ್ಳಗಿನ ಅಭ್ರಕದ ಬಿಲ್ಲೆ ಇರುತ್ತದೆ, ಅದು ನಡುಗಿದರೇ ದನಿ. ಅದರ ಸುತ್ತಲಿನ ರಬ್ಬರು ಕಲ್ಲಾಗಿತ್ತು. ಸೈಕಲ್ಲಿನ ವಾಲ್‌ಟ್ಯೂಬನ್ನು ಸುತ್ತಿ ಕೂರಿಸಿದೆ, ಅದಕ್ಕೆಂದೇ ಅಳೆದು ಮಾಡಿದ ಹಾಗೆ ಕೂತಿತು. ಉಳಿದದ್ದು ಸೂಜಿ. ಹಳೆಯ ಸೂಜಿಗಳು ತುಕ್ಕು ಹಿಡಿದಿದ್ದವು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಹೋಗುವ ನಿರ್ವಾಹಕರಿಗೆಲ್ಲ ಹೇಳಿಟ್ಟೆ. ಒಬ್ಬರು ಹೊಲಿಗೆ ಯಂತ್ರದ ಸೂಜಿ ತಂದರು, ಇನ್ನೊಬ್ಬರು ದಬ್ಬಣ ತಂದರು, ಎಲ್ಲರದೂ ಒಳ್ಳೆಯ ಮನಸ್ಸು. ಕಡೆಗೆ ಹಳೆಯ ಕಾಲದಲ್ಲಿ ಮುಳ್ಳಿನಿಂದಲೂ ಪ್ಲೇಟು ಹಚ್ಚುತ್ತಿದ್ದರೆಂದು ಎಲ್ಲೋ ಓದಿದ್ದು ನೆನಪಾಗಿ, ಬದುವಿನ ಜಾಲಿಯಿಂದ ಒಂದು ಗಟ್ಟಿ ಮುಳ್ಳು ಮುರಿದು ತಂದು, ಕೊಯ್ದು ಸಿಕ್ಕಿಸಿದೆ. ಚಾವಿ ಕೊಟ್ಟು, ಬೋಗುಣಿಯಾದ ಪ್ಲೇಟುಗಳಲ್ಲೇ ಸ್ವಲ್ಪ ಕಡಿಮೆ ಬೋಗುಣಿಯಾದ ಒಂದನ್ನು ಇಟ್ಟೆ. ಏರಿಳಿಯುತ್ತ, ಹಡಗಿನಲ್ಲಿ ಕೂತು ಹಾಡಿದ ಹಾಗೆ, ಯಾರೋ ಹಾರ್ಮೋನಿಯಂ ಬಾರಿಸಿದರು. ನಡುವೆ ನಿಲ್ಲದೆ ತುದಿ ಮುಟ್ಟಿತು. ಕುಂಕುಮದ ಪ್ಲೇಟನ್ನು ಮಾತ್ರ ನಾನು ಹಚ್ಚಲಿಲ್ಲ. ಅದನ್ನು ಮೊದಲು ಕೇಳುವ ಹಕ್ಕು ಅತ್ತಿಯದು.

ರಜೆ ಹಾಕಿ, ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನು, ಶಾಂತಾ ಕೊಲ್ಹಾರಕ್ಕೆ ಹೊರಟೆವು. ಎಂದೂ ಬಸ್ಸು ಕಳಿಸುವವನೇ ಹೊರತು ಬಸ್ಸಿನಲ್ಲಿ ಹೋಗುವವನಲ್ಲ ನಾನು. ಸೀಟಿಗಾಗಿ ಓಡುವುದು ಎಷ್ಟು ಕಷ್ಟದ ಕೆಲಸವೆಂದು ಅಂದು ತಿಳಿಯಿತು. ಪಕ್ಕದಲ್ಲಿದ್ದವರು ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದರು. ಹಾಡು ಅಂದೆ. ನನ್ನ ಹುಬ್ಬಿನ ಪಟ್ಟಿ ನೋಡಿ ಇನ್ನೇನೂ ಕೇಳಲಿಲ್ಲ. ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಕೊಲ್ಹಾರ ಮುಟ್ಟುವವರೆಗೂ ಶಾಂತಾ ಒಂದೇ ಮಾತು ಕೇಳುತ್ತಿದ್ದಳು. ಉತ್ತರ ಮಾಮಾ ಹೇಳಿದಂತೆ ಇಲ್ಲದಿದ್ದರೆ? ಇಷ್ಟು ವರ್ಷ ನಂಬಿಕೊಂಡು ಬಂದ ಮುದುಕಿ, ಸುಮ್ಮನಿದ್ದ ಹುಣ್ಣನ್ನು ನೀವು ಕೆರೆದ ಹಾಗಾಗುವುದಿಲ್ಲವೇ? ನನಗೆ ಆವರೆಗೆ ಅದು ಹೊಳೆದೇ ಇರಲಿಲ್ಲ. ನನ್ನ ಲಕ್ಷ್ಯವೆಲ್ಲ ಗ್ರೀಸಿನ ಮೇಲಿತ್ತು. ಸೇತುವೆಯ ಹತ್ತಿರ ಕೃಷ್ಣೆಯ ನೀರು ಕಂಡಾಗ, ಇದೇ ಬಸ್ಸಿಗೆ ತಿರುಗಿ ಹೋಗಿಬಿಡೋಣವೇ ಎಂದು ಶಾಂತಾಳನ್ನು ಕೇಳಿದೆ.

ಅತ್ತಿ ಪಡಸಾಲೆಯಲ್ಲಿ ಇಳಕಲ್ ಸೀರೆ ಉಟ್ಟು, ತಲೆ ಬಾಚಿಕೊಂಡು ಸಜ್ಜಾಗಿ ಕೂತಿದ್ದಳು. ಮಗ, ಸೊಸೆ, ಮೊಮ್ಮಕ್ಕಳೆಲ್ಲ ಸುತ್ತ ಕೂತರು. ಕಿವಿಯ ಯಂತ್ರ ಕುಂಯ್ ಎನ್ನುತ್ತದೆಂದು ಅದನ್ನು ಕಿತ್ತು ಸೊಸೆಯ ಕೈಗೆ ಕೊಟ್ಟು, ಬಲಗಿವಿಯನ್ನು ಪೆಟ್ಟಿಗೆಯ ಹತ್ತಿರ ತಂದಳು. ನಾನು ಪೂರ್ತಿ ಚಾವಿ ಕೊಟ್ಟು, ಹೊಸ ಮುಳ್ಳು ಸಿಕ್ಕಿಸಿ, ಪ್ಲೇಟು ಬಿಟ್ಟೆ. ಹಾಡು ಹತ್ತಿತು. ದೀಪ ಹಚ್ಚುವ ಹೊತ್ತು ಮೀರಿತು, ಎಲ್ಲಿಗೆ ಹೋಗಿದ್ದಿರಿ. ಅತ್ತಿಯ ತುಟಿಯೂ ಜೊತೆಗೆ ಆಡುತ್ತಿತ್ತು. ಯಾವಾಗಲೂ ನಿಲ್ಲುವ ಜಾಗ ಬಂತು, ನಿಲ್ಲಲಿಲ್ಲ. ಹಾರ್ಮೋನಿಯಂ ಒಂದು ಸುತ್ತು ಬಾರಿಸಿತು. ಆಮೇಲೆ ಒಬ್ಬ ಗಂಡಸು ಗಂಟಲು ಏರಿಸಿ ಹಾಡಿದ: “ಎಲ್ಲಿಗೆ ಹೋದರೇನೇ, ಕೇಳಲು ಅಧಿಕಾರ ನಿನಗೇನೇ.” ಅಲ್ಲಿಂದ ಮುಂದೆ ಪ್ಲೇಟು ಮುಗಿಯುವವರೆಗೂ ಗಂಡನನ್ನು ಪ್ರಶ್ನೆ ಕೇಳುವ ಹೆಂಡಿರಿಗೆ ನರಕದಲ್ಲಿ ಏನೇನು ಕಾದಿದೆ ಎಂಬ ಉಪದೇಶ. ಒಳ್ಳೆಯ ಕಂಠ, ತಾನಗಳನ್ನೂ ಚೆನ್ನಾಗಿಯೇ ಹಾಕಿದ್ದ. ಮುಳ್ಳು ನಡುವಿಗೆ ಬಂದು ಸರಸರ ಅನ್ನುತ್ತ ಸುತ್ತತೊಡಗಿತು. ಶಾಂತಾ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಅತ್ತಿ ಪೆಟ್ಟಿಗೆಯ ಹತ್ತಿರದಿಂದ ಕಿವಿ ತೆಗೆದಳು. “ಸುಳ್ಳು ಹೇಳ್ಯಾರ” ಅಂದಳು. “ಮದಿವಿ ದಿನ ಶುರು ಮಾಡಿ, ಸಾಯೂತನಕ ಅದ ಸುಳ್ಳು ಹೇಳ್ಯಾರ ನೋಡ.” ನಾನು ಗಡಬಡಿಸಿ ಪ್ಲೇಟಿನ ಮೇಲಿಂದ ಮುಳ್ಳು ಎತ್ತಿದೆ. ಅಷ್ಟರಲ್ಲಿ ಅತ್ತಿಯ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾಳೆಂದು ಸೊಸೆ ಎದ್ದು ಬಂದಳು. ಅಳುತ್ತಿದ್ದದ್ದು ಹೌದು, ಆದರೆ ಅದಕ್ಕಿಂತ ಹೆಚ್ಚು ನಗುತ್ತಿದ್ದಳು. ಮಾಮಾ ಹಂದರದಲ್ಲಿ ಏನು ಗುನುಗಿದ್ದ ಎಂಬುದನ್ನು ಅಂದು ಮೊದಲ ಸಲ ನಮಗೆಲ್ಲ ಹೇಳಿದಳು.

“ಸಂತ್ಯಾಗ ಸೇವಂತಿಗಿ ಹುಡಕೂದ್ರಾಗ ಹೊತ್ತು ಮುಳಗಿತ್ತ, ನೀಲಿಯ ಮಾರಿ ನೆನಪಾತು, ದಾರಿಯೆಲ್ಲಾ ಬೆಳಗಿತ್ತ.”

ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. “ನನ್ನ ಹೆಸರು ಅದರಾಗ ಹೆಂಗ ಬಂತ್ರಿ ಅಂತ ಕೇಳಿದ್ನಿ. ನಾಟಕದಾಗಿನ ಹೆಣ್ಣಮಗಳ ಹೆಸರೂ ನೀಲೀನ ಐತಿ ಅಂದ್ರು. ನಾ ಹುಚ್ಚಿ, ಖರೇ ಇದ್ದೀತು ಅಂತ ಬಿಟ್ನಿ. ತಾವ ಕಟ್ಟ್ಯಾರ. ನನ್ನ ಸಲುವಾಗಿ, ನಿಂತ ಕಾಲಮ್ಯಾಲ ತಾವ ಕಟ್ಟ್ಯಾರ” ಅಂದಳು.

ಆಗ ನಮಗೆ ತಿಳಿಯಿತು, ಮಾಮಾ ಮುತ್ಯಾನ ಕಾನೂನಿಗೆ ಯಾಕಷ್ಟು ಕಾವಲು ಕಾದ ಎಂದು. ಹಾಡು ಮುಂದೆ ಹೋದರೆ ಗುಟ್ಟು ಹೊರಬೀಳುತ್ತಿತ್ತು. ನಾಲ್ಕು ಜನರೆದುರು ಹೆಂಡತಿಯ ಮೇಲೆ ಒಡಪು ಕಟ್ಟಿದ್ದಕ್ಕೆ ನಾಚಿ, ಅದನ್ನು ಯಾವುದೋ ನಾಟಕದವನ ಹೆಸರಿಗೆ ಹಾಕಿ, ಇಡೀ ಆಯುಷ್ಯ ಮುಚ್ಚಳದ ಮೇಲೆ ಕೈ ಇಟ್ಟು ಕೂತಿದ್ದ ಪುಣ್ಯಾತ್ಮ. ಅಳಿಯನ ಭಕ್ತಿಗೆ ಅಪ್ಪ ಹಾಕಿದ ಕಣ್ಣೀರು ದಂಡವಾಯಿತು ಅನ್ನಬೇಕೋ ಸಾರ್ಥಕವಾಯಿತು ಅನ್ನಬೇಕೋ ನನಗೆ ಇನ್ನೂ ಗೊತ್ತಾಗಿಲ್ಲ. ಅಂದು ಊಟದಲ್ಲಿ ಅತ್ತಿ ತಾನೇ ಗಡಿಗೆಗೆ ಕೈ ಹಾಕಿ ನನಗೆ ಮೊಸರು ಬಡಿಸಿದಳು.

ಕಥೆ ಇಲ್ಲಿಗೇ ಮುಗಿದಿದ್ದರೆ ರಿಪೇರಿಯ ಕೀರ್ತಿ ನನಗೆ ಉಳಿಯುತ್ತಿತ್ತು. ಊಟದ ಮೇಲೆ ಅತ್ತಿ ಮತ್ತೊಮ್ಮೆ ಹಚ್ಚು ಅಂದಳು. ಆದರೆ ಆ ಗಂಡಸಿನ ದನಿ ಮನೆಯಲ್ಲಿ ಕೇಳಬಾರದು. ಹಾಡು ಪ್ರಶ್ನೆಗೆ ಬಂದು ನಿಲ್ಲಬೇಕು, ಉತ್ತರ ಆಕೆ ಹೇಳುತ್ತಾಳೆ. ಅದೇನು ಮಹಾ, ಬ್ರೇಕಿನ ಕಡ್ಡಿ ಒತ್ತಿ ನಿಲ್ಲಿಸಿದೆ. ಕುತ್ತಿಗೆ ಹಿಚುಕಿದ ಹಾಗೆ ಆಗುತ್ತದೆ, ಅಂದಿನ ಹಾಗೆ ತಾನೇ ದಣಿದು ನಿಲ್ಲಬೇಕು ಅಂದಳು. ಹಾಗಾದರೆ ಅರ್ಧ ಚಾವಿ ಕೊಡೋಣವೆಂದು ಕೊಟ್ಟೆ. ನಾನು ಅಷ್ಟು ಚಂದ ತೊಳೆದು ಗ್ರೀಸು ಹಚ್ಚಿದ ಯಂತ್ರ, ನಿಲ್ಲು ಅಂದರೆ ನಿಲ್ಲುತ್ತದೆಯೇ? ಸರಾಗವಾಗಿ ದಾಟಿ ಹೋಗಿ, ಎಲ್ಲಿಗೆ ಹೋದರೇನೇ ಎಂದು ಶುರು ಮಾಡಿತು. ಅತ್ತಿ ಮುಚ್ಚಳಕ್ಕೆ ಒಂದು ಏಟು ಕೊಟ್ಟಳು. ಚಾವಿ ಕಡಿಮೆ ಮಾಡಿದೆ, ಪ್ರಶ್ನೆಯೇ ಅರ್ಧವಾಯಿತು. ಈಗ ಪೆಟ್ಟಿಗೆಯನ್ನು ಇಂಡಿಗೆ ತಂದು, ರಜೆಯ ದಿನವೆಲ್ಲ ಕೂತು, ಅದನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವ ಅಭ್ಯಾಸ ಮಾಡುತ್ತಿದ್ದೇನೆ. ಅತ್ತಿಯ ಕಿವಿ ಹೆಚ್ಚು ದಿನ ಕಾಯುವುದಿಲ್ಲ. ದಿನಕ್ಕೊಮ್ಮೆ ಫೋನು ಮಾಡಿ, ನಿಂತಿತೇನೋ ಎಂದು ಕೂಗುತ್ತಾಳೆ.

ಮೊನ್ನೆ ನಾನು ಹೀಗೆ ಚಾವಿಯ ಜೊತೆ ಗುದ್ದಾಡುವುದನ್ನು ಶಾಂತಾ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ನೀವು ರಿಪೇರಿ ಮಾಡುವ ಮೊದಲು ಅದು ತಾನಾಗಿಯೇ ಅಲ್ಲಿಗೇ ನಿಲ್ಲುತ್ತಿತ್ತಲ್ಲ ಎಂದು ನೆನಪು ಮಾಡಿಕೊಟ್ಟಳು. ನಾನು ಮತ್ತೆ ಚಾವಿ ತಿರುಗಿಸಿದೆ. ಆಕೆ ಅಡುಗೆಮನೆಗೆ ಹೋಗಿ, ಕುಸುಬಿ ಎಣ್ಣೆಯ ಬಟ್ಟಲು ತಂದು ನನ್ನ ಪಕ್ಕದಲ್ಲಿ ಇಟ್ಟು ಒಳಗೆ ಹೋದಳು.